ಪಿಟಿ-ಐಎನ್‌ಆರ್: ರಕ್ತ ಕೊಡುವ ಮುಂಚೆ, ಕೊಡುವಾಗ, ರಿಪೋರ್ಟ್ ಬಂದ ಮೇಲೆ

ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟಿ ಆಸ್ಪತ್ರೆ ಸೇರಿದ್ದವರು, ಇವರಲ್ಲಿ ಬಹಳ ಜನರಿಗೆ ಡಾಕ್ಟರು ಈ ರಕ್ತ ತೆಳು ಮಾಡುವ ಮಾತ್ರೆ ಬರೆದಿರುತ್ತಾರೆ. ಜೊತೆಗೆ ಪಿಟಿ-ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆಯನ್ನೂ ಬರೆದಿರುತ್ತಾರೆ. ಮಾತ್ರೆ ಇರುವ ತನಕ ಟೆಸ್ಟೂ ಇರುತ್ತದೆ.

ನಾನು ಲ್ಯಾಬ್‌ನಲ್ಲಿ ಈ ಟೆಸ್ಟ್ ಮಾಡುವವಳು. ಕೌಂಟರಿಗೆ ಬಂದವರು ಮೊದಲು ಕೇಳುವುದೇ "ಎಷ್ಟು ಬಂತು ಮೇಡಂ?" ಎಂದು. ಸಂಖ್ಯೆ ಹೇಳಿದರೆ ಸಾಕು, ಹೊರಟುಬಿಡುತ್ತಾರೆ. ಆದರೆ ಆ ಸಂಖ್ಯೆ ಒಂದೇ ಇಟ್ಟುಕೊಂಡರೆ ಏನೂ ಗೊತ್ತಾಗುವುದಿಲ್ಲ. ಹೋದ ಸಲ ಎಷ್ಟಿತ್ತು, ಈ ವಾರ ಎಷ್ಟು ಮಾತ್ರೆ ನುಂಗಿದ್ದೀರಿ, ಭೇದಿ ಆಗಿತ್ತಾ, ಬೇರೆ ಔಷಧಿ ತಗೊಂಡಿದ್ದೀರಾ, ರಕ್ತ ತೆಗೆದ ಟ್ಯೂಬ್ ಸರಿಯಾಗಿ ತುಂಬಿತ್ತಾ, ಇವೆಲ್ಲ ಸೇರಿದಾಗಲೇ ಅದು ಡಾಕ್ಟರಿಗೆ ಉಪಯೋಗಕ್ಕೆ ಬರುವುದು. ಇದರಲ್ಲಿ ಬಹಳಷ್ಟು ನಿಮ್ಮ ಕೈಯಲ್ಲೇ ಇದೆ, ನಿಮಗೆ ಬಿಟ್ಟು ಬೇರೆ ಯಾರಿಗೂ ಗೊತ್ತೂ ಇರುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿಕೊಂಡು ನೀವೇ ಡೋಸ್ ಬದಲಿಸಬೇಡಿ. ಅದು ಡಾಕ್ಟರ ಕೆಲಸ. ಅವರಿಗೆ ಸರಿಯಾದ ಮಾಹಿತಿ ಕೊಡುವುದು ನಿಮ್ಮ ಕೆಲಸ.

ಟೆಸ್ಟ್ ಏನನ್ನು ಅಳೆಯುತ್ತದೆ

ನಮ್ಮ ಲಿವರ್ ವಿಟಮಿನ್ ಕೆ ಬಳಸಿಕೊಂಡು ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್ ತಯಾರಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಫ್ಯಾಕ್ಟರ್ 2, 7, 9 ಮತ್ತು 10. ಅಸಿಟ್ರೋಮ್, ವಾರ್ಫರಿನ್ ಎರಡೂ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರದಂತೆ ತಡೆಯುತ್ತವೆ. ಆಗ ಹೊಸದಾಗಿ ತಯಾರಾಗುವ ಪ್ರೋಟೀನ್ ಕೆಲಸಕ್ಕೆ ಬರುವುದಿಲ್ಲ, ಹಳೆಯದು ಮೆಲ್ಲಗೆ ಖಾಲಿಯಾಗುತ್ತದೆ. ಫ್ಯಾಕ್ಟರ್ 7 ಸುಮಾರು 6 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಫ್ಯಾಕ್ಟರ್ 2 ಅರ್ಧಕ್ಕೆ ಇಳಿಯಲು ಎರಡೂವರೆ ಮೂರು ದಿನ ಬೇಕು. ಹಾಗಾಗಿ ಇವತ್ತು ಡೋಸ್ ಬದಲಿಸಿದರೆ ನಾಳೆ ಬೆಳಗ್ಗೆ ಟೆಸ್ಟ್ ಮಾಡಿಸಿ ಪ್ರಯೋಜನವಿಲ್ಲ. ಬದಲಾವಣೆ ಕಾಣಿಸಲು ಎರಡು ಮೂರು ದಿನ, ಪೂರ್ತಿ ತಿಳಿಯಲು ಹೆಚ್ಚುಕಡಿಮೆ ಒಂದು ವಾರ ಬೇಕು.

ಲ್ಯಾಬ್‌ನಲ್ಲಿ ನಾವು ಮಾಡುವುದಿಷ್ಟು. ನಿಮ್ಮ ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾ ತೆಗೆದುಕೊಳ್ಳುತ್ತೇವೆ. ಅದನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ, ಹೆಪ್ಪುಗಟ್ಟುವುದನ್ನು ಶುರು ಮಾಡಿಸುವ ಥ್ರಾಂಬೊಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಇರುವ ರಿಯೇಜೆಂಟ್ (ಟೆಸ್ಟಿಗೆ ಬಳಸುವ ರಾಸಾಯನಿಕ) ಹಾಕಿ, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತು ಎಂದು ಅಳೆಯುತ್ತೇವೆ. ಅದೇ ಪಿಟಿ. ಮಾತ್ರೆ ತಗೊಳ್ಳದವರಿಗೆ ಸಾಮಾನ್ಯವಾಗಿ 11ರಿಂದ 14 ಸೆಕೆಂಡ್ ಆಗುತ್ತದೆ.

ತೊಂದರೆ ಏನೆಂದರೆ ರಿಯೇಜೆಂಟ್ ಬದಲಾದರೆ ಸೆಕೆಂಡೂ ಬದಲಾಗುತ್ತದೆ. ಒಂದೇ ರಕ್ತ ಒಂದು ಲ್ಯಾಬ್‌ನಲ್ಲಿ 24 ಸೆಕೆಂಡ್, ಇನ್ನೊಂದರಲ್ಲಿ 30 ಸೆಕೆಂಡ್ ತೋರಿಸಬಹುದು. ಇದನ್ನು ಸರಿಪಡಿಸಲು ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಪದ್ಧತಿಯನ್ನು ಜಾರಿಗೆ ತಂದಿತು. ಪ್ರತಿ ರಿಯೇಜೆಂಟಿಗೂ ಐಎಸ್‌ಐ ಅನ್ನುವ ಒಂದು ಸಂಖ್ಯೆ ಇರುತ್ತದೆ. ನಿಮ್ಮ ಪಿಟಿಯನ್ನು ಸಾಮಾನ್ಯ ಜನರ ಸರಾಸರಿ ಪಿಟಿಯಿಂದ ಭಾಗಿಸಿ, ಬಂದದ್ದನ್ನು ಐಎಸ್‌ಐ ಘಾತಕ್ಕೆ ಏರಿಸಿದರೆ ಐಎನ್‌ಆರ್ ಸಿಗುತ್ತದೆ. ನಿಮ್ಮದು 26 ಸೆಕೆಂಡ್, ಸರಾಸರಿ 13 ಸೆಕೆಂಡ್ ಎಂದುಕೊಳ್ಳಿ. ಐಎಸ್‌ಐ 1.0 ಇದ್ದರೆ ಐಎನ್‌ಆರ್ 2.0 ಬರುತ್ತದೆ. ಅದೇ 26 ಸೆಕೆಂಡಿಗೆ ಐಎಸ್‌ಐ 1.3 ಇದ್ದರೆ ಸುಮಾರು 2.5 ಬರುತ್ತದೆ. ಅದಕ್ಕೇ ಸೆಕೆಂಡ್ ನೋಡಿ ಹೋಲಿಸಬೇಡಿ, ಐಎನ್‌ಆರ್ ಮಾತ್ರ ಹೋಲಿಸಿ. ಆಗಲೂ ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಸಾಧ್ಯವಾದಷ್ಟು ಒಂದೇ ಕಡೆ ಮಾಡಿಸಿ.

ನಿಮ್ಮ ಗುರಿ ಎಷ್ಟು ಅಂತ ಬರೆಸಿಕೊಳ್ಳಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಎದೆಬಡಿತದ ಲಯ ತಪ್ಪಿದವರಿಗೆ, ಕಾಲಿನಲ್ಲಿ ಹೆಪ್ಪು ಕಟ್ಟಿದವರಿಗೆ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಅಯೋರ್ಟಿಕ್ ಜಾಗದಲ್ಲಿ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಕಡೆ) ಲೋಹದ ವಾಲ್ವ್ ಇದ್ದರೂ ಬಹಳ ಜನರಿಗೆ ಹೆಚ್ಚುಕಡಿಮೆ ಇದೇ ಗುರಿ. ಮೈಟ್ರಲ್ ಜಾಗದಲ್ಲಿ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವೆ) ಲೋಹದ ವಾಲ್ವ್ ಇದ್ದರೆ 2.5ರಿಂದ 3.5. ಅಲ್ಲಿ ರಕ್ತ ಹರಿಯುವ ವೇಗ ಕಡಿಮೆ, ಹೆಪ್ಪು ಕಟ್ಟುವ ಭಯ ಜಾಸ್ತಿ. ವಾಲ್ವ್ ಯಾವ ಮಾದರಿಯದು, ಜೊತೆಗೆ ಬೇರೆ ಏನು ತೊಂದರೆ ಇದೆ ಅನ್ನುವುದರ ಮೇಲೆ ನಿಮ್ಮ ಡಾಕ್ಟರು ಬೇರೆ ಗುರಿಯನ್ನೂ ಹೇಳಬಹುದು.

ನಮ್ಮ ಕಡೆ ವಾಲ್ವ್ ಬದಲಾಯಿಸಿಕೊಂಡವರಲ್ಲಿ ವಯಸ್ಸಾದವರಷ್ಟೇ ಅಲ್ಲ, ಚಿಕ್ಕವರೂ ಬಹಳ ಇದ್ದಾರೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಸರಿಯಾಗಿ ಔಷಧಿ ಆಗದೆ, ರುಮ್ಯಾಟಿಕ್ ಜ್ವರವಾಗಿ ವಾಲ್ವ್ ಹಾಳಾದವರು. ಬೆಂಗಳೂರಿನ ಜಯದೇವದಲ್ಲೋ ಬೇರೆ ದೊಡ್ಡ ಆಸ್ಪತ್ರೆಯಲ್ಲೋ ಆಪರೇಶನ್ ಆಗಿ ಊರಿಗೆ ಹೋಗಿರುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್ 1990ರಿಂದ ಬಳಕೆಯಲ್ಲಿದೆ, ಅದನ್ನು ಹಾಕಿಸಿಕೊಂಡವರೂ ನಮ್ಮಲ್ಲಿ ಸಿಗುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ವಾಲ್ವ್ ಹೆಸರು, ಸೈಜು, ಜಾಗ ಬರೆದಿರುತ್ತದೆ. ಗುರಿ ಐಎನ್‌ಆರ್ ಬರೆದಿಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ, ಅದೇ ಕಾಗದದ ಮೇಲೆ ಬರೆಸಿಕೊಳ್ಳಿ. ಊರಿನಲ್ಲಿ ನಿಮ್ಮನ್ನು ನೋಡುವ ಡಾಕ್ಟರಿಗೆ ತೋರಿಸಲು ಆಗುತ್ತದೆ.

ಟೆಸ್ಟಿಗೆ ಹೊರಡುವ ಮುಂಚೆ

ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೊದಲ ಬಸ್ಸು ಹಿಡಿದು, ಒಂದು ಲೋಟ ಕಾಫಿಯನ್ನೂ ಕುಡಿಯದೆ, ತಲೆಸುತ್ತಿ ಬೆಂಚಿನ ಮೇಲೆ ಕೂತಿರುವ ವಯಸ್ಸಾದವರನ್ನು ನೋಡಿದರೆ ಸಂಕಟವಾಗುತ್ತದೆ. ತಿಂಡಿ ತಿಂದು ಬನ್ನಿ, ನೀರು ಚೆನ್ನಾಗಿ ಕುಡಿದು ಬನ್ನಿ. ನೀರು ಕುಡಿದಿದ್ದರೆ ನರ ಸಿಗುವುದೂ ಸುಲಭ. ಅದೇ ದಿನ ಶುಗರ್ ಅಥವಾ ಬೇರೆ ಟೆಸ್ಟ್ ಇದ್ದರೆ ಮಾತ್ರ ಉಪವಾಸದ ಮಾತು, ಅದನ್ನು ಲ್ಯಾಬಿನವರನ್ನೇ ಕೇಳಿ.

ಮಾತ್ರೆಯನ್ನು ಸಂಜೆ ಅಥವಾ ರಾತ್ರಿ, ದಿನಾ ಒಂದೇ ಹೊತ್ತಿಗೆ ತಗೊಳ್ಳುವುದು ಒಳ್ಳೆಯದು. ಬೆಳಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ರಿಪೋರ್ಟ್ ಬಂದರೆ, ಅದನ್ನು ನೋಡಿ ಡಾಕ್ಟರು ಅವತ್ತಿನ ರಾತ್ರಿಯ ಮಾತ್ರೆಯನ್ನೇ ಬದಲಿಸಬಹುದು. ಬೆಳಗ್ಗೆಯೇ ನುಂಗಿಬಿಟ್ಟಿದ್ದರೆ ಒಂದು ದಿನ ಕೈತಪ್ಪಿತು. ನಿಮಗೆ ಬೆಳಗ್ಗೆ ಎಂದು ಬರೆದಿದ್ದರೆ ಡಾಕ್ಟರನ್ನು ಕೇಳಿ ಬದಲಿಸಿ, ನೀವಾಗಿಯೇ ಅಲ್ಲ.

ಶನಿವಾರ ಮಧ್ಯಾಹ್ನದ ಮೇಲೆ, ಹಬ್ಬದ ಹಿಂದಿನ ದಿನ ಟೆಸ್ಟ್ ಮಾಡಿಸಬೇಡಿ, ತುರ್ತು ಇದ್ದರೆ ಬೇರೆ ಮಾತು. ರಿಪೋರ್ಟ್ ಕೈಗೆ ಬಂದಾಗ ಅದನ್ನು ಓದಿ ಹೇಳುವ ಡಾಕ್ಟರು ಫೋನಿಗೆ ಸಿಗಬೇಕಲ್ವಾ? ಸೋಮವಾರದಿಂದ ಗುರುವಾರದ ಒಳಗೆ, ಬೆಳಗ್ಗೆ ಮಾಡಿಸಿ.

ರಕ್ತ ಕೊಡುವಾಗ ಟ್ಯೂಬ್ ನೋಡಿ

ಈ ಟೆಸ್ಟಿಗೆ ತಿಳಿನೀಲಿ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಒಳಗೆ ನೀರಿನಂತೆ ಕಾಣುವ ಸ್ವಲ್ಪ ದ್ರವ ಇರುತ್ತದೆ, ಅದು 3.2 ಶೇಕಡಾ ಸೋಡಿಯಂ ಸಿಟ್ರೇಟ್. ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟದಂತೆ ಅದು ತಡೆಯುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಸಾಮಾನ್ಯವಾಗಿ ಸಿಗುವ ಟ್ಯೂಬಿನಲ್ಲಿ 0.3 ಮಿ.ಲೀ. ಸಿಟ್ರೇಟ್ ಇರುತ್ತದೆ, 2.7 ಮಿ.ಲೀ. ರಕ್ತ ಬೀಳಬೇಕು. ಟ್ಯೂಬಿನ ಮೇಲೆ ಅದಕ್ಕೆ ಗೆರೆ ಇರುತ್ತದೆ.

ಆ ಗೆರೆ ಬಹಳ ಮುಖ್ಯ. ರಕ್ತ ಕಡಿಮೆ ಬಿದ್ದರೆ ಸಿಟ್ರೇಟ್ ಜಾಸ್ತಿಯಾಗುತ್ತದೆ, ನಾವು ಹಾಕುವ ಕ್ಯಾಲ್ಸಿಯಂ ಅನ್ನು ಅದು ಹಿಡಿದುಕೊಳ್ಳುತ್ತದೆ. ಆಗ ಪಿಟಿ ಸುಮ್ನೆ ಜಾಸ್ತಿ ತೋರಿಸುತ್ತದೆ. ನಿಜವಾಗಿ ನಿಮ್ಮ ಐಎನ್‌ಆರ್ 2.6 ಇದ್ದರೂ ರಿಪೋರ್ಟಿನಲ್ಲಿ ಹೆಚ್ಚು ಬಂದು, ಅದನ್ನು ನಂಬಿ ಡೋಸ್ ಇಳಿಸಿದರೆ, ವಾಲ್ವ್ ಮೇಲೆ ಹೆಪ್ಪು ಕಟ್ಟುವ ಅಪಾಯ. ಒಂದು ಮಿ.ಲೀ. ರಕ್ತದ ಕೊರತೆ ಇಷ್ಟು ದೂರ ಹೋಗುತ್ತದೆ. ಆದ್ದರಿಂದ ಟ್ಯೂಬ್ ಗೆರೆ ತನಕ ತುಂಬಿದೆಯಾ ಎಂದು ನೀವೇ ನೋಡಿ. ತುಂಬಿಲ್ಲದಿದ್ದರೆ "ಇನ್ನೊಂದು ಟ್ಯೂಬ್ ತಗೊಳ್ಳಿ" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಒಳ್ಳೆಯ ಟೆಕ್ನಿಶಿಯನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಅರ್ಧ ಟ್ಯೂಬ್ ರಕ್ತಕ್ಕೆ ಇನ್ನೊಂದು ಅರ್ಧ ಟ್ಯೂಬ್ ಸುರಿದು ತುಂಬಿಸುವುದೂ ತಪ್ಪು, ಅಲ್ಲಿ ಸಿಟ್ರೇಟ್ ದುಪ್ಪಟ್ಟಾಗುತ್ತದೆ.

ಚಿಟ್ಟೆ ಸೂಜಿ ಅಂತ ಸಣ್ಣ ಪೈಪ್ ಇರುವ ಸೂಜಿ ಬಳಸಿ, ನೀಲಿ ಟ್ಯೂಬನ್ನೇ ಮೊದಲು ಹಾಕಿದರೆ ಪೈಪಿನೊಳಗಿನ ಗಾಳಿ ಟ್ಯೂಬಿಗೆ ಹೋಗಿ ರಕ್ತ ಕಡಿಮೆ ಬೀಳುತ್ತದೆ. ಅದಕ್ಕೇ ಮೊದಲು ಒಂದು ಬೇರೆ ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು, ಅದನ್ನು ಎಸೆದು, ಆಮೇಲೆ ನೀಲಿಗೆ ತೆಗೆಯುತ್ತಾರೆ. ರಕ್ತ ವ್ಯರ್ಥ ಮಾಡುತ್ತಿದ್ದಾರೆ ಎಂದು ಅಂದುಕೊಳ್ಳಬೇಡಿ. ರಕ್ತ ಬಿದ್ದ ತಕ್ಷಣ ಟ್ಯೂಬನ್ನು ಮೆಲ್ಲಗೆ ಮೂರು ನಾಲ್ಕು ಸಲ ಮೇಲೆ ಕೆಳಗೆ ಮಾಡಬೇಕು. ಜೋರಾಗಿ ಕುಲುಕಬಾರದು. ನರ ಸಿಗದೆ ಚುಚ್ಚಿ ಚುಚ್ಚಿ ನಿಧಾನಕ್ಕೆ ತೆಗೆದ ರಕ್ತದಲ್ಲಿ ಸಣ್ಣ ಹೆಪ್ಪು ಕಟ್ಟಿರುತ್ತದೆ, ಅಂಥ ಸ್ಯಾಂಪಲನ್ನು ನಾವು ತಿರಸ್ಕರಿಸಿ ಇನ್ನೊಂದು ಕೇಳುತ್ತೇವೆ. ಆಗ ದಯವಿಟ್ಟು ಬನ್ನಿ. ಹೆಪ್ಪು ಕಟ್ಟಿದ ಸ್ಯಾಂಪಲಿಗೆ ಏನೋ ಒಂದು ಸಂಖ್ಯೆ ಕೊಟ್ಟು ಕಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ಹುಟ್ಟಿನಿಂದ ಹೃದಯದ ತೊಂದರೆ ಇದ್ದು, ತುಟಿ ಉಗುರು ನೀಲಿಯಾಗಿ, ಹಿಮೋಗ್ಲೋಬಿನ್ ತುಂಬಾ ಜಾಸ್ತಿ ಇರುವವರು ಲ್ಯಾಬಿಗೆ ಮುಂಚೆಯೇ ಹೇಳಬೇಕು. ಅವರ ರಕ್ತದಲ್ಲಿ ಪ್ಲಾಸ್ಮಾ ಪ್ರಮಾಣ ಕಡಿಮೆ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 55 ಶೇಕಡಾ ದಾಟಿದರೆ ಮಾಮೂಲಿ ಟ್ಯೂಬಿನ ಸಿಟ್ರೇಟ್ ಅವರಿಗೆ ಜಾಸ್ತಿಯಾಗುತ್ತದೆ. ಅಂಥವರಿಗೆ ಸಿಟ್ರೇಟ್ ಕಡಿಮೆ ಮಾಡಿದ ಟ್ಯೂಬ್ ಬೇಕು.

ಊರಿನ ಕಲೆಕ್ಷನ್ ಸೆಂಟರಿನಲ್ಲಿ ಕೊಡುವುದಾದರೆ ಒಂದು ಪ್ರಶ್ನೆ ಕೇಳಿ: ಸ್ಯಾಂಪಲ್ ಯಾವಾಗ ಲ್ಯಾಬ್ ತಲುಪುತ್ತದೆ? ಮುಚ್ಚಳ ತೆಗೆಯದ ಟ್ಯೂಬನ್ನು ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಪಿಟಿಗೆ 24 ಗಂಟೆ ತನಕ ಸಮಯವಿದೆ. ಆದರೆ ಫ್ರಿಜ್ಜಿನಲ್ಲಿ ಇಡಬಾರದು, ಚಳಿಗೆ ಫ್ಯಾಕ್ಟರ್ 7 ಚುರುಕಾಗಿ ಫಲಿತಾಂಶ ಕೆಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯೊಳಗೂ ಬಿಡಬಾರದು.

ರಿಪೋರ್ಟ್ ಕೈಗೆ ಬಂದಾಗ

ಐಎನ್‌ಆರ್ ಮುಂದೆ 0.8ರಿಂದ 1.2 ಎಂದು ಸಾಮಾನ್ಯ ಮಟ್ಟ ಅಚ್ಚಾಗಿರುತ್ತದೆ. ಅದು ಮಾತ್ರೆ ತಗೊಳ್ಳದವರ ಮಟ್ಟ. ನಿಮ್ಮದು 2.8 ಬಂದರೆ ಕಂಪ್ಯೂಟರ್ ಅದನ್ನು ದಪ್ಪಕ್ಷರದಲ್ಲಿ, 'ಹೈ' ಎಂದು ಗುರುತು ಹಾಕಿ ಕೊಡುತ್ತದೆ. ಇದನ್ನು ನೋಡಿ ಹೆದರಿ ಮಾತ್ರೆ ನಿಲ್ಲಿಸಿದವರು ಇದ್ದಾರೆ. ಮೈಟ್ರಲ್ ವಾಲ್ವ್ ಇರುವವರಿಗೆ 2.8 ಅಂದರೆ ಸರಿಯಾದ ಜಾಗದಲ್ಲಿದೆ ಎಂದರ್ಥ. ಹಾಗೆಯೇ 1.1 ಬಂದು ಯಾವ ಗುರುತೂ ಇಲ್ಲದ ರಿಪೋರ್ಟ್ ನೋಡಿ "ನಾರ್ಮಲ್ ಬಂತು" ಎಂದು ಖುಷಿಯಾದರೆ ಅದು ಇನ್ನೂ ಅಪಾಯ. ಅಚ್ಚಾದ ಮಟ್ಟ ಮರೆತುಬಿಡಿ. ನಿಮ್ಮ ಗುರಿಯ ಪಕ್ಕ ಇಟ್ಟು ನೋಡಿ.

ಗುರಿಗಿಂತ 0.5ರ ಒಳಗೆ ಆಚೀಚೆ ಆಗಿದ್ದು, ಇಷ್ಟು ದಿನ ಸ್ಥಿರವಾಗಿದ್ದವರಾದರೆ, ಡಾಕ್ಟರು ಎಷ್ಟೋ ಸಲ ಡೋಸ್ ಮುಟ್ಟದೆ ಒಂದೆರಡು ವಾರದಲ್ಲಿ ಮತ್ತೆ ಟೆಸ್ಟ್ ಮಾಡಿಸಲು ಹೇಳುತ್ತಾರೆ. ಅವರು ನಿರ್ಲಕ್ಷ್ಯ ಮಾಡಿದರು ಅಂತಲ್ಲ. ಸಣ್ಣ ಏರಿಳಿತಕ್ಕೆಲ್ಲ ಡೋಸ್ ಬದಲಿಸುತ್ತಾ ಹೋದರೆ ಐಎನ್‌ಆರ್ ಇನ್ನಷ್ಟು ಕುಣಿಯುತ್ತದೆ. ಬದಲಿಸಿದರೂ ವಾರದ ಒಟ್ಟು ಡೋಸಿನಲ್ಲಿ 5ರಿಂದ 20 ಶೇಕಡಾ ಮಾತ್ರ ಬದಲಿಸುತ್ತಾರೆ.

4.5 ದಾಟಿದರೆ ಅವತ್ತೇ ಫೋನ್ ಮಾಡಿ, ರಾತ್ರಿಯ ಮಾತ್ರೆ ನುಂಗುವ ಮುಂಚೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ಡೋಸ್ ನಿಲ್ಲಿಸಿ ಬೇಗ ಮತ್ತೆ ಟೆಸ್ಟ್ ಮಾಡಿಸುತ್ತಾರೆ. 10 ದಾಟಿದರೆ ವಿಟಮಿನ್ ಕೆ ಬಾಯಿಯ ಮೂಲಕ ಕೊಡುವುದುಂಟು. ಇದನ್ನು ನೀವಾಗಿಯೇ ಅಂಗಡಿಯಿಂದ ತಂದು ತಗೊಳ್ಳಬೇಡಿ. ವಿಟಮಿನ್ ಕೆ ಜಾಸ್ತಿಯಾದರೆ ಕೆಲವು ದಿನ ಅಸಿಟ್ರೋಮ್ ಕೆಲಸವನ್ನೇ ಮಾಡುವುದಿಲ್ಲ, ಲೋಹದ ವಾಲ್ವ್ ಇರುವವರಿಗೆ ಅದು ಜೀವಕ್ಕೇ ತೊಂದರೆ.

ಸಂಖ್ಯೆ ಎಷ್ಟೇ ಇರಲಿ, ಈ ಲಕ್ಷಣ ಕಂಡರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ: ಡಾಂಬರಿನಂಥ ಕಪ್ಪು ಮಲ, ಕೆಂಪು ಮೂತ್ರ, ವಾಂತಿಯಲ್ಲಿ ರಕ್ತ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ವಿಪರೀತ ಮುಟ್ಟಿನ ಸ್ರಾವ, ಇದ್ದಕ್ಕಿದ್ದಂತೆ ಜೋರು ತಲೆನೋವು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಹೋಗಲೇಬೇಕು.

ಸಂಖ್ಯೆ ಕಡಿಮೆ ಬಂದಾಗ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಮೈಟ್ರಲ್ ವಾಲ್ವ್ ಇದ್ದು ಐಎನ್‌ಆರ್ 1.4 ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಲೋಹದ ವಾಲ್ವ್ ಇರುವವರಿಗೆ ರಾತ್ರಿ ನಿಶ್ಶಬ್ದದಲ್ಲಿ ಟಿಕ್ ಟಿಕ್ ಎಂದು ವಾಲ್ವಿನ ಸದ್ದು ಕೇಳಿಸುತ್ತಿರುತ್ತದೆ, ಪಕ್ಕದಲ್ಲಿ ಮಲಗಿದವರಿಗೂ ಕೆಲವೊಮ್ಮೆ ಕೇಳಿಸುತ್ತದೆ. ದಿನಾ ಕೇಳಿಸುತ್ತಿದ್ದ ಆ ಸದ್ದು ಮಂಕಾದರೆ ಅಥವಾ ನಿಂತರೆ, ಜೊತೆಗೆ ಉಸಿರು ಕಟ್ಟಿದಂತಾದರೆ, ವಾಲ್ವಿನಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ತಕ್ಷಣ ಹೊರಡಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು ಕೂಡ ಅಷ್ಟೇ ತುರ್ತು.

ಒಂದು ಪುಸ್ತಕ ಇಡಿ

ಮಕ್ಕಳ ಹಳೆಯ ನೋಟ್‌ಬುಕ್ ಆದರೂ ಸಾಕು. ಪ್ರತಿ ಟೆಸ್ಟಿಗೆ ಒಂದು ಸಾಲು: ತಾರೀಖು, ಐಎನ್‌ಆರ್, ಈಗಿನ ಡೋಸ್, ವಾರದ ಒಟ್ಟು, ಮಧ್ಯೆ ಏನಾಯಿತು. ಹೀಗೆ:

ಜೂನ್ 3. ಐಎನ್‌ಆರ್ 2.8. ಸೋಮ, ಬುಧ, ಶುಕ್ರ 3 ಮಿ.ಗ್ರಾಂ, ಉಳಿದ ದಿನ 2 ಮಿ.ಗ್ರಾಂ. ವಾರಕ್ಕೆ 17. ತೊಂದರೆ ಇಲ್ಲ.

ಜೂನ್ 24. ಐಎನ್‌ಆರ್ 4.1. ಡೋಸ್ ಅದೇ. ಜ್ವರ ಬಂದಿತ್ತು, 4 ದಿನ ಗಂಜಿ ಮಾತ್ರ, ಆಂಟಿಬಯಾಟಿಕ್ 5 ದಿನ.

ಎರಡನೇ ಸಾಲಿನ ಕೊನೆಯ ಮಾತು ಇಲ್ಲದಿದ್ದರೆ ಡಾಕ್ಟರು ಡೋಸ್ ಇಳಿಸಬಹುದು. ಇದ್ದರೆ, ಜ್ವರ ಹೋಯಿತು, ಊಟ ಸೇರುತ್ತಿದೆ, ಒಂದು ಡೋಸ್ ಬಿಟ್ಟು ಮತ್ತೆ ಹಳೆಯದನ್ನೇ ಮುಂದುವರಿಸೋಣ ಎಂದು ಹೇಳಲೂಬಹುದು. ಒಂದೇ 4.1ಕ್ಕೆ ಎರಡು ಬೇರೆ ತೀರ್ಮಾನ.

ಮಾತ್ರೆ ಮರೆತದ್ದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅವತ್ತೇ ನೆನಪಾದರೆ ತಗೊಳ್ಳಬಹುದು. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಮಾತ್ರೆಯ ಪಟ್ಟಿ ಬದಲಾದಾಗ ಮಿ.ಗ್ರಾಂ ಓದಿ. ಅಸಿಟ್ರೋಮ್ 1, 2, 3, 4 ಮಿ.ಗ್ರಾಂ ಹೀಗೆ ಬೇರೆ ಬೇರೆ ಸಿಗುತ್ತದೆ, ಅಂಗಡಿಯಲ್ಲಿ 2ರ ಬದಲು 4 ಕೊಟ್ಟರೆ ಡೋಸ್ ದುಪ್ಪಟ್ಟು. ಅಸಿಟ್ರೋಮ್ ಇಲ್ಲ ಎಂದು ಅಷ್ಟೇ ಮಿ.ಗ್ರಾಂ ವಾರ್ಫರಿನ್ ಕೊಟ್ಟರೂ ಒಪ್ಪಬೇಡಿ, ಎರಡರ ಲೆಕ್ಕ ಬೇರೆ.

ಸೊಪ್ಪು ಬಿಡಬೇಕಾ?

ಬಿಡಬೇಡಿ. "ಸೊಪ್ಪು ಮುಟ್ಟಬೇಡಿ" ಎಂದು ಯಾರೋ ಹೇಳಿದ್ದನ್ನು ಕೇಳಿ ವರ್ಷಗಟ್ಟಲೆ ಬಸ್ಸಾರು, ಮಸ್ಸೊಪ್ಪು ಬಿಟ್ಟವರಿದ್ದಾರೆ. ದಂಟು, ಪಾಲಕ್, ನುಗ್ಗೆ ಸೊಪ್ಪು, ಮೆಂತ್ಯ, ಕೊತ್ತಂಬರಿ, ಇವುಗಳಲ್ಲಿ ವಿಟಮಿನ್ ಕೆ ಜಾಸ್ತಿ ಇರುವುದು ನಿಜ. ಆದರೆ ವಿಟಮಿನ್ ಕೆ ತೀರಾ ಕಡಿಮೆ ತಿನ್ನುವವರ ಐಎನ್‌ಆರ್ ಸ್ವಲ್ಪಕ್ಕೇ ಏರಿಳಿಯುತ್ತದೆ. ಒಂದು ದಿನ ಮದುವೆ ಮನೆಯಲ್ಲಿ ಪಾಲಕ್ ತಿಂದರೂ ಲೆಕ್ಕ ತಪ್ಪುತ್ತದೆ. ವಾರಕ್ಕೆ ಎರಡು ಸಲ ಸೊಪ್ಪಿನ ಸಾರು ಮಾಡುವ ಮನೆಯಾದರೆ ಹಾಗೇ ನಡೆಸಿ, ಅದಕ್ಕೆ ಹೊಂದುವ ಡೋಸನ್ನು ಡಾಕ್ಟರು ಕಂಡುಕೊಳ್ಳುತ್ತಾರೆ. ತೊಂದರೆ ಬರುವುದು ಪದ್ಧತಿ ಇದ್ದಕ್ಕಿದ್ದಂತೆ ಬದಲಾದಾಗ. ಡಯಟ್ ಶುರು ಮಾಡಿ ದಿನಾ ನುಗ್ಗೆ ಸೊಪ್ಪಿನ ಜ್ಯೂಸ್ ಕುಡಿದರೆ ಐಎನ್‌ಆರ್ ಇಳಿಯುತ್ತದೆ. ಶ್ರಾವಣದಲ್ಲಿ ಸಾಲಾಗಿ ಉಪವಾಸ ಮಾಡಿದರೆ, ಭೇದಿಯಾಗಿ ಊಟ ಬಿಟ್ಟರೆ ಏರುತ್ತದೆ. ಅಂಥ ಬದಲಾವಣೆ ಇದ್ದರೆ ಮುಂಚೆಯೇ ತಿಳಿಸಿ, ಒಂದು ಟೆಸ್ಟ್ ಹೆಚ್ಚು ಮಾಡಿಸಿ. ಪ್ರೋಟೀನ್ ಪುಡಿ, ಮಲ್ಟಿವಿಟಮಿನ್ ಡಬ್ಬಿಯ ಮೇಲೆ ವಿಟಮಿನ್ ಕೆ ಇದೆಯಾ ಎಂದು ಓದಿ. ಕುಡಿತದಿಂದ ದೂರ ಇರುವುದೇ ಒಳ್ಳೆಯದು.

ಬೇರೆ ಮಾತ್ರೆ, ಸೂಜಿ

ನಾನು ನೋಡಿದ ವಿಪರೀತ ಏರಿಕೆಗಳಲ್ಲಿ ಬಹಳಷ್ಟಕ್ಕೆ ಕಾರಣ ಸೊಪ್ಪೂ ಅಲ್ಲ, ಮರೆವೂ ಅಲ್ಲ, ಬೇರೆ ಕಾಯಿಲೆಗೆ ಕೊಟ್ಟ ಔಷಧಿ. ಒಬ್ಬ ಅಮ್ಮನ ಐಎನ್‌ಆರ್ 8 ದಾಟಿತ್ತು. ಟ್ಯೂಬ್ ಗೆರೆ ತನಕ ತುಂಬಿತ್ತು, ಹೆಪ್ಪಿರಲಿಲ್ಲ. ಆದರೂ ನಂಬಿಕೆ ಬರದೆ ಇನ್ನೊಂದು ಸ್ಯಾಂಪಲ್ ತೆಗೆದರೂ ಅಷ್ಟೇ ಬಂತು. "ಬೇರೆ ಮಾತ್ರೆ ತಗೊಂಡ್ರಾ ಅಮ್ಮ?" ಅಂದರೆ ಇಲ್ಲ ಅಂದರು. ಮತ್ತೆ ಕೇಳಿದ್ದಕ್ಕೆ "ಹಲ್ಲುನೋವಿಗೆ ಮಾತ್ರ" ಎಂದು ಕೈಚೀಲದಿಂದ ಅರ್ಧ ಖಾಲಿಯಾದ ಎರಡು ಪಟ್ಟಿ ತೆಗೆದು ಕೌಂಟರಿನ ಮೇಲಿಟ್ಟರು. ಒಂದು ಮೆಟ್ರೊನಿಡಜೋಲ್, ಇನ್ನೊಂದು ಡೈಕ್ಲೊಫೆನಾಕ್. ಮೊದಲನೆಯದು ಐಎನ್‌ಆರ್ ಏರಿಸುತ್ತದೆ, ಎರಡನೆಯದು ಹೊಟ್ಟೆಯಲ್ಲಿ ರಕ್ತ ಸುರಿಸುವ ಅಪಾಯ ತರುತ್ತದೆ. ಹಲ್ಲುನೋವಿನಿಂದ ಅವರು ಊಟವನ್ನೂ ಬಿಟ್ಟಿದ್ದರು. ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿಸಿ ಆಸ್ಪತ್ರೆಗೆ ಕಳಿಸಿದೆವು.

ಏರಿಸುವ ಔಷಧಿಗಳಲ್ಲಿ ನೆನಪಿಡಬೇಕಾದವು: ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್, ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್, ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್. ಇಳಿಸುವುದರಲ್ಲಿ ದೊಡ್ಡದು ಟಿಬಿಗೆ ಕೊಡುವ ರಿಫಾಂಪಿಸಿನ್. ಅದನ್ನು ಶುರು ಮಾಡಿದರೆ ಅಸಿಟ್ರೋಮ್ ಡೋಸ್ ಎರಡು ಮೂರು ಪಟ್ಟು ಏರಿಸಬೇಕಾಗಿ ಬರಬಹುದು. ಟಿಬಿ ಕೋರ್ಸ್ ಮುಗಿದ ಮೇಲೆ ಅದೇ ಡೋಸ್ ಮುಂದುವರಿಸಿದರೆ ಐಎನ್‌ಆರ್ ಮೇಲೇರುತ್ತಾ ಹೋಗುತ್ತದೆ, ಹಾಗಾಗಿ ಶುರುವಾದಾಗಲೂ ಮುಗಿದಾಗಲೂ ಪದೇ ಪದೇ ಟೆಸ್ಟ್ ಬೇಕು. ಯಾವುದೇ ಹೊಸ ಔಷಧಿ ಶುರು ಮಾಡಿದರೆ ಮೂರರಿಂದ ಐದು ದಿನದೊಳಗೆ ಐಎನ್‌ಆರ್ ನೋಡಿಸುವುದು ಒಳ್ಳೆಯದು. ಕಷಾಯ, ಬೇರಿನ ಪುಡಿ, ನಾಟಿ ಔಷಧಿ ಕೂಡ ಔಷಧಿಯೇ, ಅದನ್ನೂ ಹೇಳಿ.

ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ. ಪ್ಯಾರಾಸಿಟಮಾಲ್ ಸಾಕು, ಆದರೆ ದಿನಕ್ಕೆ 2 ಗ್ರಾಂ ಮೀರಿ ಹಲವು ದಿನ ತಗೊಂಡರೆ ಅದೂ ಐಎನ್‌ಆರ್ ಏರಿಸುತ್ತದೆ. ಡಾಕ್ಟರೇ ಆಸ್ಪಿರಿನ್ ಬರೆದಿದ್ದರೆ ಅದು ಬೇರೆ, ಅದನ್ನು ನಿಲ್ಲಿಸಬೇಡಿ.

ಇನ್ನು ಸೂಜಿ. ನಮ್ಮ ಹಳ್ಳಿಗಳಲ್ಲಿ ಜ್ವರ, ಮೈಕೈ ನೋವು ಅಂದರೆ ಸೊಂಟಕ್ಕೆ ಒಂದು ಸೂಜಿ ಹಾಕಿಸಿಕೊಂಡರೇ ಸಮಾಧಾನ. ಈ ಮಾತ್ರೆ ತಗೊಳ್ಳುವವರಿಗೆ ಮಾಂಸಖಂಡಕ್ಕೆ ಹಾಕುವ ಸೂಜಿಯಿಂದ ಒಳಗೇ ರಕ್ತ ತುಂಬಿ ದೊಡ್ಡ ಗಡ್ಡೆಯಾಗಬಹುದು. "ನಾನು ಅಸಿಟ್ರೋಮ್ ತಗೊಳ್ತೀನಿ, ಸೂಜಿ ಬೇಡ" ಎಂದು ಮೊದಲೇ ಹೇಳಿ. ರುಮ್ಯಾಟಿಕ್ ಜ್ವರಕ್ಕೆ ಮೂರ್ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸದೆ, ಮುಂದುವರಿಸಬೇಕಾ ಮಾತ್ರೆಗೆ ಬದಲಿಸಬೇಕಾ ಎಂದು ಹೃದಯದ ಡಾಕ್ಟರನ್ನು ಕೇಳಬೇಕು.

ಎಷ್ಟು ದಿನಕ್ಕೊಮ್ಮೆ?

ಮಾತ್ರೆ ಶುರುವಾದಾಗ ಎರಡು ಮೂರು ದಿನಕ್ಕೊಮ್ಮೆ, ಗುರಿ ಮುಟ್ಟಿದ ಮೇಲೆ ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ. ತುಂಬಾ ಕಾಲ ಸ್ಥಿರವಾಗಿದ್ದರೆ ಕೆಲವರಿಗೆ 12 ವಾರದ ತನಕವೂ ಅಂತರ ಕೊಡುತ್ತಾರೆ. "ಮೂರು ತಿಂಗಳಿಂದ ಸರಿ ಇದೆಯಲ್ಲ" ಎಂದು ನೀವೇ ಬಿಡಬೇಡಿ.

ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಐಎನ್‌ಆರ್ ತೋರಿಸುವ ಮನೆ ಮಷೀನೂ ಇದೆ. ಲ್ಯಾಬ್ ದೂರ ಇರುವವರಿಗೆ, ನರ ಸಿಗದವರಿಗೆ ಒಳ್ಳೆಯದು, ಆದರೆ ಸ್ಟ್ರಿಪ್ ದುಬಾರಿ. ಮೊದಲ ಕೆಲವು ಸಲ ಲ್ಯಾಬ್ ರಿಪೋರ್ಟಿನ ಜೊತೆ ಹೋಲಿಸಿ ನೋಡಿ. ಅದು 4.5 ದಾಟಿ ತೋರಿಸಿದರೆ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ. ಆಂಟಿಫಾಸ್ಫೊಲಿಪಿಡ್ ಅನ್ನುವ, ರಕ್ತ ಸುಲಭವಾಗಿ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಈ ಮಷೀನ್ ತಪ್ಪು ತೋರಿಸಬಹುದು, ಅವರಿಗೆ ಲ್ಯಾಬ್ ಟೆಸ್ಟೇ ಸರಿ.

ಹಲ್ಲು, ಬಸಿರು

ಹಲ್ಲು ಕೀಳಿಸುವುದಕ್ಕೆ ಮಾತ್ರೆ ನಿಲ್ಲಿಸಬೇಕು ಎಂದು ಯಾರಾದರೂ ಹೇಳಿದರೆ, ಮೊದಲು ಹೃದಯದ ಡಾಕ್ಟರನ್ನು ಕೇಳಿ. ಐಎನ್‌ಆರ್ ಗುರಿಯೊಳಗೆ ಇದ್ದರೆ ಒಂದೆರಡು ಹಲ್ಲನ್ನು ಬಹಳ ಸಲ ಮಾತ್ರೆ ನಿಲ್ಲಿಸದೆಯೇ ತೆಗೆಯುತ್ತಾರೆ, ಒತ್ತಿ ಹಿಡಿದು, ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ. ಅದಕ್ಕೆ ಹಿಂದಿನ ದಿನದ ಐಎನ್‌ಆರ್ ರಿಪೋರ್ಟ್ ಕೈಯಲ್ಲಿರಬೇಕು.

ಈ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳು ಮಗು ಬೇಕು ಅಂದುಕೊಂಡಾಗಲೇ ಡಾಕ್ಟರ ಹತ್ತಿರ ಮಾತಾಡಬೇಕು, ಮುಟ್ಟು ತಪ್ಪಿದರೆ ಅದೇ ವಾರ ಹೋಗಬೇಕು. 6ರಿಂದ 12ನೇ ವಾರದೊಳಗೆ ಇದು ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ಹಾಗೆಂದು ಹೆದರಿ ತಾವೇ ನಿಲ್ಲಿಸಿದರೆ ತಾಯಿಯ ವಾಲ್ವ್ ಮುಚ್ಚಿಹೋಗಬಹುದು. ರಕ್ತ ತೆಳು ಮಾಡುವ ಹೆಪಾರಿನ್ ಸೂಜಿಗೆ ಬದಲಿಸುವುದು, ಯಾವಾಗ ಬದಲಿಸುವುದು ಅನ್ನುವುದೆಲ್ಲ ಅವರೇ ನೋಡಿ ಮಾಡಬೇಕಾದ ಕೆಲಸ.

ಹೆಪಾರಿನ್ ಮತ್ತು ಹೊಸ ಮಾತ್ರೆಗಳು

ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಹೆಪಾರಿನ್ ಕೊಡುವಾಗ ಎಪಿಟಿಟಿ ಅನ್ನುವ ಬೇರೆ ಟೆಸ್ಟ್ ಮಾಡುತ್ತಾರೆ, ಸಾಮಾನ್ಯವಾಗಿ ಡೋಸ್ ಬದಲಿಸಿದ 6 ಗಂಟೆಗೆ. ಹೆಪಾರಿನ್ ಹೋಗುತ್ತಿರುವ ಕೈಯಿಂದ ಆ ರಕ್ತ ತೆಗೆಯಬಾರದು. ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡುತ್ತಿರುತ್ತಾರೆ, ಹೆಪಾರಿನ್‌ನಿಂದ ಕೆಲವರಿಗೆ ಅದು ಇಳಿಯುತ್ತದೆ. ಹೊಟ್ಟೆಗೆ ಹಾಕಿಕೊಳ್ಳುವ ಎನಾಕ್ಸಪರಿನ್ (ಇದೂ ಒಂದು ಬಗೆಯ ಹೆಪಾರಿನ್) ಸೂಜಿಗೆ ಹೆಚ್ಚಿನವರಿಗೆ ಇಂಥ ಟೆಸ್ಟ್ ಬೇಕಾಗುವುದಿಲ್ಲ. ಬಸಿರು, ಕಿಡ್ನಿ ತೊಂದರೆ ಇದ್ದರೆ ಆಂಟಿ-ಟೆನ್-ಎ ಅನ್ನುವ ಟೆಸ್ಟ್ ಮಾಡಿಸಬಹುದು, ಅದಕ್ಕೆ ಸೂಜಿ ಹಾಕಿದ 4 ಗಂಟೆಗೆ ರಕ್ತ ಕೊಡಬೇಕು.

ಡಾಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಹೊಸ ಮಾತ್ರೆಗಳು. ಇವಕ್ಕೆ ಐಎನ್‌ಆರ್ ನೋಡಿ ಡೋಸ್ ಹೊಂದಿಸುವ ಕೆಲಸವಿಲ್ಲ. ಹಾಗಾದರೆ ನಮಗೂ ಅದನ್ನೇ ಕೊಡಿ ಎಂದು ವಾಲ್ವ್ ಹಾಕಿಸಿಕೊಂಡವರು ಕೇಳುತ್ತಾರೆ, ಕೇಳುವುದು ಸಹಜ. ಆದರೆ ಲೋಹದ ವಾಲ್ವ್ ಇರುವವರಲ್ಲಿ ಡಾಬಿಗಟ್ರಾನ್ ಪರೀಕ್ಷಿಸಿದಾಗ ಹೆಪ್ಪೂ ರಕ್ತಸ್ರಾವವೂ ಎರಡೂ ಜಾಸ್ತಿಯಾಗಿ ಆ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರುಮ್ಯಾಟಿಕ್ ಕಾಯಿಲೆಯಿಂದ ಎದೆಬಡಿತದ ಲಯ ತಪ್ಪಿದವರಲ್ಲೂ ರಿವರಾಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇವರಿಗೆಲ್ಲ ಅಸಿಟ್ರೋಮ್, ವಾರ್ಫರಿನ್, ಐಎನ್‌ಆರ್ ಇದೇ ದಾರಿ.

ಹೊಸ ಮಾತ್ರೆ ತಗೊಳ್ಳುವವರು ರಕ್ತ ಪರೀಕ್ಷೆಯೇ ಬೇಡ ಎಂದು ಸುಮ್ಮನಿರಬಾರದು. ಇವು ಕಿಡ್ನಿಯ ಮೂಲಕವೂ ಹೊರಹೋಗುವುದರಿಂದ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಲಿವರ್ ಟೆಸ್ಟ್ ವರ್ಷಕ್ಕೊಮ್ಮೆಯಾದರೂ ಆಗಬೇಕು, 75 ದಾಟಿದವರಿಗೆ ಆರು ತಿಂಗಳಿಗೊಮ್ಮೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 60ಕ್ಕಿಂತ ಕಡಿಮೆ ಇದ್ದರೆ ಡಾಕ್ಟರುಗಳು ಒಂದು ಸುಲಭ ಲೆಕ್ಕ ಹಾಕುತ್ತಾರೆ: ಆ ಸಂಖ್ಯೆಯನ್ನು 10ರಿಂದ ಭಾಗಿಸಿ, ಬಂದಷ್ಟು ತಿಂಗಳಿಗೊಮ್ಮೆ ಟೆಸ್ಟ್. 40 ಇದ್ದರೆ 4 ತಿಂಗಳಿಗೊಮ್ಮೆ. ಯಾವುದೋ ಕಾರಣಕ್ಕೆ ಪಿಟಿ-ಐಎನ್‌ಆರ್ ಮಾಡಿಸಬೇಕಾಗಿ ಬಂದರೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಕೊನೆಯದಾಗಿ ಎಷ್ಟು ಗಂಟೆಗೆ ನುಂಗಿದಿರಿ ಎಂದು ಲ್ಯಾಬಿನವರಿಗೆ ಬರೆದುಕೊಡಿ. ರಿವರಾಕ್ಸಬಾನ್ ತಗೊಂಡ ಕೆಲವು ಗಂಟೆಗಳಲ್ಲಿ ಐಎನ್‌ಆರ್ ಏರಿರಬಹುದು, ಆ ಸಂಖ್ಯೆಯನ್ನು ವಾರ್ಫರಿನ್ ಲೆಕ್ಕದಲ್ಲಿ ಓದಿ ಡೋಸ್ ಬದಲಿಸಬಾರದು.